ಕುರುಗೋಡಿಗೆ ಹೋಗಿ ವಿಚಾರಿಸಿದ ಮೇಲೆ

"ಫಿಲ್ಮು ತಲಿಕೆಳಗ ಹಿಡಿದೀರಿ ನೋಡ್ರಿ."

ಪಂಪಾವತಿ ಬೆಚ್ಚಿಬಿದ್ದಳು. ಕಿಟಕಿಯ ಬೆಳಕಿಗೆ ಹಿಡಿದಿದ್ದ ಎಕ್ಸ್‌ರೇಯನ್ನು ತಟ್ಟನೆ ಎದೆಗೆ ಅವುಚಿಕೊಂಡಳು. ಅದು ಅವಳ ಬೆನ್ನು. ಗುರುತಿಲ್ಲದ ಗಂಡಸೊಬ್ಬ ಅದನ್ನು ಒಳಗಿನ ಮೂಳೆಸಮೇತ ನೋಡಿಬಿಟ್ಟಿದ್ದ!

"ನಿಮಗ್ಯಾಕ್ರಿ ಅದು?"

"ಯಾಕೂ ಇಲ್ರಿ. ನಾನೂ ಮೊದ್ಲು ಹಂಗ ಹಿಡಿದು, ಸ್ಕ್ರೂ ಎಲ್ಲಾ ಕುತ್ತಿಗಿಗೆ ಹೋಗ್ಯಾವು ಅಂತ ಅಂಜಿದ್ದೆ."

ಪಕ್ಕದಲ್ಲಿದ್ದ ಸಣ್ಣಮ್ಮ ಕಿಸಕ್ಕನೆ ನಕ್ಕಳು. ಪಂಪಾವತಿ ನಗಲಿಲ್ಲ.

ಬಳ್ಳಾರಿಯ ಆ ಆಸ್ಪತ್ರೆಯ ಹಾಲಿನಲ್ಲಿ ನಿಲ್ಲಲೂ ಜಾಗವಿರಲಿಲ್ಲ. ಅವನು ಎದುರಿನ ಕುರ್ಚಿಯಲ್ಲಿ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಿದ್ದ. ಕೈಯಲ್ಲಿ ಫೈಲಿಲ್ಲ, ಟೋಕನ್ ಇಲ್ಲ, ಜೊತೆಯಲ್ಲಿ ರೋಗಿಯೂ ಇಲ್ಲ.

ಹಾಗಾದರೆ ಇವನು ಇಲ್ಲಿ ಯಾಕೆ ಕೂತಿದ್ದಾನೆ?

"ಎರಡನೇ ಸಲ ಮಾಡಬೇಕು ಅಂದಾರೇನ್ರಿ?" ಅವನೇ ಮಾತು ಮುಂದುವರಿಸಿದ. "ನನಗೂ ಎರಡು ಸಲ ಆಗೈತಿ. ಎರಡನೇದು ಇಲ್ಲೇ. ಅಂಜಬ್ಯಾಡ್ರಿ."

ಅಂಜಬ್ಯಾಡ್ರಿ!

ಆ ಮಾತು ಕಿವಿಗೆ ಬಿದ್ದದ್ದೇ ಪಂಪಾವತಿಯ ಮುಖ ಬಿಗಿಯಿತು.

ಎರಡು ವರ್ಷದ ಹಿಂದೆ ಬೇರೊಂದು ಊರಿನ ಆಸ್ಪತ್ರೆಯಲ್ಲಿ, ಹೀಗೇ ಒಂದು ಹಾಲಿನಲ್ಲಿ, ಹೀಗೇ ಒಬ್ಬ ಬಂದು ಅಪ್ಪನ ಪಕ್ಕ ಕೂತಿದ್ದ. ಅಂಜಬೇಡಿ ಎಂದಿದ್ದ. ಅಂಗಿ ಎತ್ತಿ ಗಾಯ ತೋರಿಸಿದ್ದ. ಅಪ್ಪ ಅವನ ಕೈ ಹಿಡಿದುಕೊಂಡು ಅತ್ತಿದ್ದರು. ಅಲ್ಲಿಯೇ ಅವಳ ಬೆನ್ನುಮೂಳೆಗೆ ರಾಡು, ಸ್ಕ್ರೂ ಹಾಕಿಸಿದರು. ರೋಗಿಗಳನ್ನು ಹಿಡಿದು ಕೊಟ್ಟರೆ ಅವನಿಗೆ ಪಾಲು ಸಿಗುತ್ತದೆಂದೂ, ಆ ಗಾಯ ಕಿಡ್ನಿ ಕಲ್ಲು ತೆಗೆಸಿದ್ದೆಂದೂ ಗೊತ್ತಾಗುವಷ್ಟರಲ್ಲಿ ಅವಳ ನೋವು ಮರಳಿ ಬಂದಿತ್ತು. ನಿಶ್ಚಯವಾಗಿದ್ದ ಮದುವೆಯೂ ತಪ್ಪಿತ್ತು.

ಅಂದಿನಿಂದ ಒಳ್ಳೆಯ ಮಾತಾಡುವವರನ್ನು ಕಂಡರೆ ಅವಳು ಮೊದಲು ಅವರ ಲಾಭ ಯಾವುದೆಂದು ಹುಡುಕುತ್ತಿದ್ದಳು.

"ಗಾಯ ತೋರಿಸ್ರಿ ನೋಡಾಣ," ಎಂದಳು.

ಅವನ ಕಿವಿ ಕೆಂಪಾದವು. "ಇಲ್ಲೇ? ಇಷ್ಟು ಮಂದಿ ಮುಂದ?"

"ಬ್ಯಾಡ ಬಿಡ್ರಿ. ಗಾಯ ಮೊದ್ಲೂ ನೋಡೀನಿ."

ಅಷ್ಟರಲ್ಲಿ ಒಳಗಿನಿಂದ ನರ್ಸ್ ಇಣುಕಿದಳು. "ದೊಡ್ಡಬಸವರಾಜಣ್ಣ, ಸಾಹೇಬ್ರು ಕರೀತಾರ ಬರ್ರಿ."

ಬೆಳಿಗ್ಗೆಯಿಂದ ಟೋಕನ್ ಹಿಡಿದು ಕಾದವರನ್ನೆಲ್ಲ ದಾಟಿ ಅವನು ಡಾಕ್ಟರ ಕೋಣೆಗೆ ಹೊಕ್ಕ.

"ನೋಡಿದಿ, ಸಣ್ಣಮ್ಮಾ? ಇವರ ಮಂದೀನ ಇವ."

"ಎಲ್ಲಾರೂ ಹಂಗ ಇರ್ತಾರೇನೇ?" ಎಂದಳು ಸಣ್ಣಮ್ಮ. ಅವ್ವನ ತಂಗಿ ವೀರಭದ್ರಮ್ಮ ಅವಳಿಗೆ ಸಣ್ಣಮ್ಮ. ಜೀನ್ಸ್ ಕಾರ್ಖಾನೆಯಲ್ಲಿ ಪ್ಯಾಟರ್ನ್ ಕತ್ತರಿಸುವ ಕೆಲಸ ಸಿಕ್ಕಾಗಿನಿಂದ ಪಂಪಾವತಿ ಸತ್ಯನಾರಾಯಣಪೇಟೆಯಲ್ಲಿ ಅವಳ ಮನೆಯಲ್ಲೇ ಇದ್ದಳು. ಈಗ ಕತ್ತರಿಸುವ ಮೇಜಿನ ಮುಂದೆ ನಿಲ್ಲಲಾರದೆ ರಜೆ ಹಾಕಿದ್ದಳು.

ಡಾಕ್ಟರ್ ಅಮರೇಶ್ ಹೆಚ್ಚು ಮಾತಿನವರಲ್ಲ.

"ನೋಡಮ್ಮಾ, ಎರಡು ಎಲುಬು ಒಂದಕ್ಕೊಂದು ಬೆಸ್ಕೊಳ್ಳೋ ತನಕ ಹಿಡ್ಕೊಂಡಿರಲಿ ಅಂತ ರಾಡು, ಸ್ಕ್ರೂ ಹಾಕ್ತೀವಿ. ನಿನಗ ಎಲುಬು ಬೆಸ್ಕೊಂಡೇ ಇಲ್ಲ. ಬರೀ ಸ್ಕ್ರೂ ಎಷ್ಟು ದಿನ ತಡೀತಾವು? ಸಡ್ಲ ಆಗ್ಯಾವು. ನರ ಒತ್ತಾಕ ಹತ್ತೈತಿ. ಎಡಗಾಲಿನ ಪಾದ ಮ್ಯಾಲ ಎತ್ತು."

ಅವಳು ಎತ್ತಿದಳು. ಅರ್ಧಕ್ಕೆ ಬಂದು ಪಾದ ತಾನಾಗಿ ಕೆಳಗೆ ಬಿತ್ತು.

"ಹಳೇವು ತಗದು ದೊಡ್ಡ ಸ್ಕ್ರೂ ಹಾಕಬೇಕು. ಟೊಂಕದ ಎಲುಬು ಸ್ವಲ್ಪ ತಗದು ಅಲ್ಲಿ ತುಂಬಬೇಕು. ಮೊದಲಿನಕಿಂತ ಕಷ್ಟದ್ದು. ಗ್ಯಾರಂಟಿ ಕೊಡಂಗಿಲ್ಲ."

"ಬಿಟ್ರ?"

"ಈ ಪಾದ ಪೂರ್ತಿ ಜೋತು ಬೀಳಬಹುದು. ಬಿದ್ದ ಮ್ಯಾಲ ಮಾಡಿದ್ರ ವಾಪಸ್ ಬರ್ತೈತಿ ಅಂತ ಹೇಳಾಕ ಆಗಂಗಿಲ್ಲ. ಬೇರೆ ಕಡೀನೂ ಕೇಳು. ಆದ್ರ ಬಾಳ ತಡ ಮಾಡಬ್ಯಾಡ."

ಹೊರಗೆ ಬಂದಾಗ ದೊಡ್ಡಬಸವರಾಜ ಅಲ್ಲೇ ಇದ್ದ. ಸಣ್ಣಮ್ಮನ ಕೈಗೆ ಚಾದ ಲೋಟ ಕೊಟ್ಟಿದ್ದ. ಕುರುಗೋಡಿನವನಂತೆ. ಮದುವೆ ಮನೆಗಳಿಗೆ ಶಾಮಿಯಾನ, ಲೈಟಿಂಗ್ ಹಾಕುವ ಕಸುಬು. ಕಂಬದಿಂದ ಬಿದ್ದು ಬೆನ್ನು ಮುರಿದುಕೊಂಡಿದ್ದನಂತೆ. ಈಗ ಪ್ರತಿ ಗುರುವಾರ ಇಲ್ಲಿಗೆ ಬರುತ್ತಾನಂತೆ.

"ಪ್ರತಿ ಗುರುವಾರ ಇಲ್ಲಿ ನಿಮಗೇನು ಕೆಲಸ?" ಪಂಪಾವತಿ ನೇರವಾಗಿ ಕೇಳಿದಳು.

"ಡಾಕ್ಟ್ರು ಬಾ ಅಂತಾರ. ಅಂಜಿದವ್ರ ಕೂಡ ನಾಲ್ಕು ಮಾತಾಡು ಅಂತಾರ."

"ಪುಕ್ಕಟೆ?"

"ಇಲ್ಲಪ್ಪ, ಚಾ ಕೊಡ್ತಾರ!"

ಸಣ್ಣಮ್ಮ ಮತ್ತೆ ನಕ್ಕಳು. ಹೊರಡುವ ಮೊದಲು ಪಂಪಾವತಿಯ ನಂಬರನ್ನು ಅವನಿಗೆ ಕೊಟ್ಟೂಬಿಟ್ಟಳು.

ಮೆಸೇಜುಗಳು ಬರತೊಡಗಿದವು. ಹಾಸಿಗೆಯಿಂದ ಏಳುವಾಗ ಪಕ್ಕಕ್ಕೆ ಹೊರಳಿ ಏಳಿ. ಬಸ್ಸಿನಲ್ಲಿ ಹಿಂದಿನ ಸೀಟು ಬೇಡ. ಹೀಗೆ ಒಂದೊಂದು ಸಾಲು. ಬೇರೇನೂ ಇಲ್ಲ.

ಒಂದು ದಿನ ಅವಳೇ ಫೋನ್ ಮಾಡಿದಳು. "ಮಾಡಿಸ್ಕೊಳ್ಳಲೇನು? ನೀವ್ ಹೇಳ್ರಿ."

"ಅದನ್ನ ನಾ ಹೆಂಗ ಹೇಳ್ಲಿ? ಬೆನ್ನು ನಿಮ್ಮದು."

ಫೋನ್ ಇಟ್ಟ ಮೇಲೆ ಅವಳು ಬಹಳ ಹೊತ್ತು ಯೋಚಿಸಿದಳು. ಹಿಂದಿನ ಆಸ್ಪತ್ರೆಯ ಆ ಮನುಷ್ಯ ಒತ್ತಾಯ ಮಾಡಿದ್ದ. ಇವನು ಮಾಡುತ್ತಿಲ್ಲ. ಇವನು ಅವನಿಗಿಂತ ಜಾಣನಿರಬೇಕು...

ಇಷ್ಟು ಒಳ್ಳೆಯವನಾಗಿರಲು ಯಾರಿಗೇನು ದರ್ದು?

ಅವಳಿಗೆ ಇನ್ನೂ ಹೆಚ್ಚಿನ ಅನುಮಾನ ತನ್ನ ಮೇಲೆಯೇ ಇತ್ತು. ಫೋನ್ ಸದ್ದು ಮಾಡಿದರೆ ಕೈ ತಾನಾಗಿ ಹೋಗುತ್ತಿತ್ತು. ಗುರುವಾರದ ತಪಾಸಣೆ ಬಂದರೆ ಜಡೆಯನ್ನು ಎರಡು ಸಲ ಹೆಣೆಯುತ್ತಿದ್ದಳು. ಆಸ್ಪತ್ರೆಗೆ ಹೋಗಲು ಜಡೆ ಯಾಕೆ ಚೆನ್ನಾಗಿರಬೇಕು?

ಬೇರೆ ಇಬ್ಬರು ಡಾಕ್ಟರೂ ಅದನ್ನೇ ಹೇಳಿದರು. ಆದರೂ ಅವಳ ಮನಸ್ಸು ಮುಂದಕ್ಕೆ ಹೋಗಲಿಲ್ಲ. ಆಪರೇಷನ್ ಮೇಜಿನ ಮೇಲೆ ಮಲಗುವ ಮೊದಲು ಒಂದು ವಿಷಯ ಗೊತ್ತಾಗಬೇಕಿತ್ತು. ಇವನು ನಿಜವೋ, ಸುಳ್ಳೋ?

"ಸಣ್ಣಮ್ಮಾ, ಕುರುಗೋಡಿಗೆ ಹೋಗಿ ಬರಾಣ. ಅವನ ಓಣ್ಯಾಗ ಕೇಳಿದ್ರ ಗೊತ್ತಾಗ್ತೈತಿ."

ಸಣ್ಣಮ್ಮ ಉತ್ಸಾಹದಿಂದ ಸೀರೆ ಬದಲಿಸಿದಳು. ಬಂಧು ಬಳಗದ ಹುಡುಗಿಯರಿಗೆಲ್ಲ ಗಂಡು ವಿಚಾರಿಸಿದವಳು ಅವಳೇ. ಮನೆಯವರಿಗೆ ತಿಳಿಸದೆ ಊರಿಗೆ ಹೋಗಿ, ಮೊದಲು ಚಾದಂಗಡಿಯಲ್ಲಿ, ಆಮೇಲೆ ಪಕ್ಕದ ಮನೆಯಲ್ಲಿ ಕೇಳಬೇಕು. ವಿಚಾರಿಸುವುದೆಂದರೆ ಅವಳಿಗೆ ಅದೊಂದೇ ರೀತಿ ಗೊತ್ತಿತ್ತು.

ದೊಡ್ಡಬಸವರಾಜನ ಓಣಿಯ ಮೂಲೆಯಲ್ಲಿ ರಾಮಪ್ಪನ ಚಾದಂಗಡಿ. ಸಣ್ಣಮ್ಮ ಬೆಂಚಿನ ಮೇಲೆ ಕೂತು ಸೆರಗು ಸರಿಮಾಡಿಕೊಂಡಳು. ಪಂಪಾವತಿ ಸೊಂಟಕ್ಕೆ ಕೈಕೊಟ್ಟು ನಿಂತಳು.

"ಇಲ್ಲೆ ಲೈಟಿಂಗ್ ದೊಡ್ಡಬಸವರಾಜ ಅಂತ ಅದಾರಲ್ಲ... ಹುಡುಗ ಹೆಂಗ್ರಿ?"

ರಾಮಪ್ಪನ ಕಣ್ಣು ಅರಳಿದವು. "ಯಾವೂರ್ರಿ ತಮ್ಮದು?"

"ಸಿರುಗುಪ್ಪ. ಅಕ್ಕಿ ಗಿರಣಿ ಹಿಂದ, ಕೊಟ್ರಬಸಪ್ಪನವರ ಮನಿ," ಎಂದು ಸಣ್ಣಮ್ಮ ಪಂಪಾವತಿಯ ಅಪ್ಪನ ಮನೆಯ ಗುರುತು ಹೇಳಿದಳು.

"ಬಂಗಾರದಂಥ ಹುಡುಗ್ರಿ! ಕುಡ್ಯಂಗಿಲ್ಲ, ಇಸ್ಪೀಟಂತೂ ಇಲ್ಲೇ ಇಲ್ಲ."

"ಅದಿರಲಿ. ಬೆನ್ನಿಗೆ ಆಪರೇಷನ್ ಆಗೈತಂತಲ್ಲ?"

ರಾಮಪ್ಪನ ಕೈಯಲ್ಲಿದ್ದ ಸೌಟು ಗಾಳಿಯಲ್ಲೇ ನಿಂತಿತು. ಅವನು ಪಂಪಾವತಿಯನ್ನೊಮ್ಮೆ ನೋಡಿದ.

"ಯಾವ ಬಾಡಕೋವ್ ಹೇಳಿದ್ನ್ರಿ? ಬರೀ ಸುಳ್ಳು! ಹೊಟ್ಟಿಕಿಚ್ಚಿನ ಮಂದಿ ಹೇಳಿರಬೇಕು. ಏ ಪಕ್ಕೀರಮ್ಮಾ, ಬಾ ಇಲ್ಲೆ! ನಮ್ಮ ಬಸವರಾಜಗ ಆಪರೇಷನ್ ಆಗೈತಂತ ನೋಡು!"

ಪಕ್ಕದ ಮನೆಯ ಪಕ್ಕೀರಮ್ಮ ಮೊರ ಹಿಡಿದುಕೊಂಡೇ ಓಡಿ ಬಂದಳು. "ಯವ್ವಾ! ಅವಗ ಆಪರೇಷನ್ನಾ? ಒಂದು ಸೂಜಿ ಸೈತ ಚುಚ್ಚಿಸ್ಕೊಂಡಿಲ್ಲ ನಮ್ಮ ಹುಡುಗ. ಕಲ್ಲುಗುಂಡಿನಂಗ ಅದಾನ!"

"ಕಂಬದ ಮ್ಯಾಲಿಂದ ಬಿದ್ದಿದ್ನಂತಲ್ಲ?" ಪಂಪಾವತಿ ನಡುವೆ ಕೇಳಿದಳು.

"ಕಂಬ ಬಿದ್ದಿರಬೇಕು, ಅವ ಬಿದ್ದಿಲ್ಲ!" ಎಂದ ರಾಮಪ್ಪ.

ಇಬ್ಬರೂ ನಕ್ಕರು. ಪಂಪಾವತಿ ಸಣ್ಣಮ್ಮನ ಕೈ ಹಿಡಿದು ಅಲ್ಲಿಂದ ಹೊರಟಳು.

ಸುಳ್ಳು. ಎಲ್ಲವೂ ಸುಳ್ಳು! ಬಿದ್ದದ್ದು, ಎರಡು ಸಲ ಕೊಯ್ಯಿಸಿಕೊಂಡದ್ದು, ಪಕ್ಕಕ್ಕೆ ಹೊರಳಿ ಏಳಿ ಎಂದದ್ದು...

ಬಸ್ ಸ್ಟ್ಯಾಂಡಿನಲ್ಲಿ ನಿಂತೇ ಫೋನ್ ಮಾಡಿದಳು.

"ಹೇಳ್ರಿ ಪಂಪಾವತಿ, ಬೆನ್ನು ಹೆಂಗೈತಿ?"

"ಒಬ್ಬರನ್ನ ಹಿಡಕೊಂಡು ಬಂದ್ರ ನಿಮಗ ಎಷ್ಟು ಕೊಡ್ತಾರ್ರಿ?"

ಆ ಕಡೆಯಿಂದ ಉತ್ತರ ಬರಲಿಲ್ಲ. ಅವಳು ಕಾದಳು. ಉಸಿರಿನ ಸದ್ದು ಮಾತ್ರ ಕೇಳಿಸಿತು.

ಒಪ್ಪಿಕೊಂಡ ಹಾಗಾಯಿತು. ಫೋನ್ ಕಟ್ ಮಾಡಿ ಅವನ ನಂಬರ್ ಬ್ಲಾಕ್ ಮಾಡಿದಳು.

ಪಂಪಾವತಿ ಸಿರುಗುಪ್ಪಕ್ಕೆ, ಅಪ್ಪನ ಮನೆಗೆ ಹೋದಳು. ಆಪರೇಷನ್ ಬೇಡವೆಂದಳು. ಯಾಕೆಂದು ಅಪ್ಪ ಕೊಟ್ರಬಸಪ್ಪ ಕೇಳಲಿಲ್ಲ. ಹೋದ ಸಲ ಒಪ್ಪಿದ್ದು ತಾನೇ ಎಂಬುದು ಅವರ ಬಾಯಿ ಕಟ್ಟಿತ್ತು.

ಒಂದು ಮಧ್ಯಾಹ್ನ ಅಂಗಳದಿಂದ ಒಳಗೆ ಬಂದಾಗ ಅವ್ವ ಕೇಳಿದಳು, "ಒಂದು ಚಪ್ಪಲಿ ಎಲ್ಲಿ?"

ಪಂಪಾವತಿ ಕೆಳಗೆ ನೋಡಿದಳು. ಎಡಗಾಲು ಬರಿದಾಗಿತ್ತು. ಚಪ್ಪಲಿ ಅಂಗಳದ ನಡುವೆ ಬಿದ್ದಿತ್ತು. ಅದು ಕಳಚಿದ್ದು ಅವಳಿಗೆ ಗೊತ್ತೇ ಆಗಿರಲಿಲ್ಲ.

ಅವ್ವ ಹೋಗಿ ಚಪ್ಪಲಿ ತಂದಳು. ಬಗ್ಗಿ ತಾನೇ ಅವಳ ಕಾಲಿಗೆ ಹಾಕಿದಳು.

ಆ ವಾರವೇ ಬಾಗಿಲಲ್ಲಿ ಒಬ್ಬ ಹೆಂಗಸು ಬಂದು ನಿಂತಳು. ಬಿಸಿಲಲ್ಲಿ ನಡೆದು ಮುಖ ಕೆಂಪಾಗಿತ್ತು. ಕೈಯಲ್ಲಿ ಬಾಳೆಹಣ್ಣಿನ ಚೀಲ.

"ಕೊಟ್ರಬಸಪ್ಪನವರ ಮನಿ ಇದೇ ಏನ್ರಿ? ನಾನು ಕುರುಗೋಡಿನ ಅಂಬಮ್ಮ. ನಮ್ಮ ದೊಡ್ಡಬಸವರಾಜನ್ನ ವಿಚಾರ್ಸಾಕ ನಿಮ್ಮ ಮನ್ಯಾರು ಬಂದಿದ್ರಂತ."

ಅವ್ವ ತಬ್ಬಿಬ್ಬಾಗಿ ಚಾಪೆ ಹಾಸಿದಳು. ಒಳಕೋಣೆಯಲ್ಲಿ ಮಲಗಿದ್ದ ಪಂಪಾವತಿ ಗೋಡೆಗೆ ಕಿವಿಯಿಟ್ಟಳು. ಈಗ ತಾಯಿಯನ್ನು ಕಳಿಸಿದ್ದಾನೆಯೇ?

"ಹೂಂ ಅನ್ರಿ, ಉಹೂಂ ಅನ್ರಿ, ಅದು ನಿಮ್ಮ ಇಷ್ಟ," ಅಂಬಮ್ಮ ಹೇಳುತ್ತಿದ್ದಳು. "ನಾ ಬಂದಿದ್ದು ಬ್ಯಾರೆ ಮಾತಿಗೆ. ಬಸವರಾಜಗ ನಾ ಇಲ್ಲಿ ಬಂದಿದ್ದು ಗೊತ್ತಿಲ್ಲ. ನಮ್ಮ ಓಣಿಯವ್ರು ನಿಮಗ ಸುಳ್ಳು ಹೇಳ್ಯಾರ್ರಿ."

"ಏನಂತ?"

"ಆಪರೇಷನ್ ಆಗಿಲ್ಲ ಅಂತ. ಹೆಣ್ಣಿನ ಕಡಿಯವ್ರು ಬಂದಾರ, ಬೆನ್ನಿನ ವಿಷಯ ಗೊತ್ತಾದ್ರ ಈ ಸಂಬಂಧಾನೂ ತಪ್ಪತೈತಿ ಅಂತ ರಾಮಪ್ಪ, ಪಕ್ಕೀರಮ್ಮ ಮುಚ್ಚಿಟ್ಟಾರ. ಒಳ್ಳೇದು ಮಾಡ್ತೀವಿ ಅನ್ಕೊಂಡು ಮಾಡ್ಯಾರ, ಪಾಪ. ಆದ್ರ ನನಗ ನಿದ್ದಿ ಬರವಲ್ದು. ಅವನ ಬೆನ್ನು ಎರಡು ಸಲ ಕೊಯ್ದಾರ್ರಿ. ಮೊದಲನೇ ಸಲ ಎಲುಬು ಕೂಡ್ಲಿಲ್ಲ. ಈಗ ಅಡ್ಡಾಡ್ತಾನ, ದುಡೀತಾನ. ಭಾರ ಎತ್ತಂಗಿಲ್ಲ. ಮುಚ್ಚಿಟ್ಟು ಇನ್ನೊಬ್ಬರ ಮಗಳನ್ನ ಮನಿ ತುಂಬಿಸ್ಕೊಂಡ್ರ ಆ ಪಾಪ ಯಾರಿಗೆ?"

ಗೋಡೆಯ ಈಚೆ ಪಂಪಾವತಿ ಬಾಯಿಗೆ ಕೈ ಅಡ್ಡ ಹಿಡಿದಳು.

ಗಂಡು ವಿಚಾರಿಸಲು ಬಂದವರೆಂದು ತಿಳಿದಿದ್ದರು! ಅಂಗಡಿ, ಬೆಂಚು, 'ಹುಡುಗ ಹೆಂಗ್ರಿ?' ಎಂಬ ಪ್ರಶ್ನೆ... ಇನ್ನೇನು ತಿಳಿದಾರು?

ಅವಳು ಪಕ್ಕಕ್ಕೆ ಹೊರಳಿ, ಎದ್ದು, ಗೋಡೆ ಹಿಡಿದುಕೊಂಡು ಹೊರಗೆ ಬಂದಳು. ಅಂಬಮ್ಮನ ಕಣ್ಣು ಅವಳ ಸೊಂಟಕ್ಕೆ ಕಟ್ಟಿದ್ದ ಬೆಲ್ಟಿನ ಮೇಲೆ ನಿಂತಿತು. ಆಮೇಲೆ ಎಳೆಯುತ್ತಿದ್ದ ಕಾಲಿನ ಮೇಲೆ.

"ಯವ್ವಾ... ಇಂಥ ಬೆಲ್ಟು ನಮ್ಮನ್ಯಾಗೂ ಅದಾವಲ್ಲ ತಾಯಿ. ನಿನಗೂ...?"

ಪಂಪಾವತಿ ತಲೆಯಾಡಿಸಿದಳು. ಎಷ್ಟೋ ತಿಂಗಳಿನಿಂದ ಬಾರದ ಅಳು ಅಂದು ಬಂತು.

ನಂಬರ್ ಅನ್‌ಬ್ಲಾಕ್ ಮಾಡಿ ಅವನಿಗೆ ಫೋನ್ ಹಚ್ಚಿದಳು.

"ನಾನು... ತಪ್ಪು ತಿಳ್ಕೊಂಡೆ." ನಡೆದದ್ದನ್ನೆಲ್ಲ ಹೇಳಿದಳು.

ಅವನು ನಕ್ಕುಬಿಟ್ಟ. "ರಾಮಪ್ಪಗ ಅದಕ್ಕ ಅವತ್ತಿನಿಂದ ನನ್ನ ಕಂಡ್ರ ನಗು!"

"ಅವತ್ತು ನೀವು ಯಾಕ ಮಾತಾಡ್ಲಿಲ್ಲ?"

"ಸಿಟ್ಟು ಬಂದಿತ್ತು. ಸಿಟ್ಟಿನ್ಯಾಗ ಮಾತಾಡಿದ್ರ ಕೆಡ್ತಿತ್ತು. ಆಮ್ಯಾಲ ಮಾಡಿದ್ರ ಫೋನ್ ಹೋಗ್ಲಿಲ್ಲ."

ಅವಳು ತುಟಿ ಕಚ್ಚಿದಳು. ಆದರೂ ಅವಳ ಅನುಮಾನ ಇನ್ನೊಂದು ಪ್ರಶ್ನೆ ಕೇಳಿಸಿತು.

"ಖರೇ ಹೇಳ್ರಿ. ಎರಡನೇ ಸಲ ಆದ ಮ್ಯಾಲೂ ಏನೇನು ನೆಟ್ಟಗಾಗಿಲ್ಲ? ನನಗ ಒಳ್ಳೇದು ಹೇಳಬ್ಯಾಡ್ರಿ. ಕೆಟ್ಟದ್ದಷ್ಟ ಹೇಳ್ರಿ."

"ಬಲಗಾಲಿನ ಎರಡು ಬಟ್ಟು ಈಗೂ ಜೋಮು. ಚಳಿಗಾಲದಾಗ ಸ್ಕ್ರೂ ಇದ್ದಲ್ಲಿ ಕೊರೀತೈತಿ. ಕಂಬ ಹತ್ತಂಗಿಲ್ಲ, ಅದು ನನ್ನ ಇಷ್ಟದ ಕೆಲಸ ಇತ್ತು. ಮೊದಲ ತಿಂಗಳು... ಯಾಕರ ಮಾಡಿಸ್ಕೊಂಡೆನೋ ಅಂತ ದಿನಾ ಅಳ್ತಿದ್ದೆ. ಅವ್ವನ್ನ ಬೈತಿದ್ದೆ." ಅವನು ತಡೆದ. "ಸಾಕೇನು?"

"ಸಾಕು," ಎಂದಳು ಪಂಪಾವತಿ.

ಹೋದ ಸಲ ಯಾರೂ ಅವಳಿಗೆ ಕೆಟ್ಟದ್ದನ್ನು ಹೇಳಿರಲಿಲ್ಲ. ಅಂದು ಮೊದಲ ಬಾರಿಗೆ ಒಬ್ಬ ಮನುಷ್ಯ ಏನನ್ನೂ ಮಾರದೆ ಅವಳೊಡನೆ ಮಾತಾಡಿದ್ದ. ಮರುದಿನ ಅಪ್ಪನನ್ನು ಕರೆದುಕೊಂಡು ಬಳ್ಳಾರಿಗೆ ಹೋದಳು. ಡಾಕ್ಟರ್ ಅಮರೇಶರ ಮುಂದೆ ಕೂತು ಹೇಳಿದಳು, "ಮಾಡ್ರಿ ಸರ್. ಈ ಸಲ ನಮ್ಮಪ್ಪ ಅಲ್ಲ, ನಾನೇ ಒಪ್ಪೀನಿ."

ಆಪರೇಷನ್ ಮುಗಿದು ಎಚ್ಚರವಾದಾಗ ಮೊದಲು ಕೇಳಿಸಿದ್ದು ಡಾಕ್ಟರ ದನಿ. "ಪಾದ ಎತ್ತಮ್ಮಾ."

ಎತ್ತಿದಳು. ಅದು ಎತ್ತಿದ್ದೋ, ಎತ್ತಿದೆ ಎಂದು ಅನ್ನಿಸಿದ್ದೋ ಗೊತ್ತಾಗಲಿಲ್ಲ. ಸಣ್ಣಮ್ಮ ಅಳುತ್ತ ನಗುತ್ತಿದ್ದಳು. ಅದನ್ನೂ ಅವಳು ನಂಬಲಿಲ್ಲ. ಮತ್ತೊಮ್ಮೆ ಎತ್ತಿ ನೋಡಿದಳು.

ಆಮೇಲಿನ ದಿನಗಳು ಕಥೆಯಲ್ಲಿ ಹೇಳುವಷ್ಟು ಚೆನ್ನಾಗಿರಲಿಲ್ಲ. ಇಬ್ಬರು ನರ್ಸುಗಳು ಅವಳನ್ನು ಮರದ ದಿಮ್ಮಿಯಂತೆ ಹೊರಳಿಸುತ್ತಿದ್ದರು. ಟೊಂಕದಲ್ಲಿ ಎಲುಬು ತೆಗೆದ ಜಾಗ ಬೆನ್ನಿಗಿಂತ ಹೆಚ್ಚು ನೋಯುತ್ತಿತ್ತು. ವಾಕರ್ ಹಿಡಿದು ಬಾಗಿಲವರೆಗೆ ಹೋಗಿ ಬಂದರೆ ಬೆವರಿಳಿಯುತ್ತಿತ್ತು. ಸಣ್ಣಮ್ಮನ ಮನೆಗೆ ಬಂದ ಮೇಲೆ ಒಂದು ಬೆಳಿಗ್ಗೆ ಉಪ್ಪಿಟ್ಟಿನ ತಟ್ಟೆಯನ್ನು ಸಣ್ಣಮ್ಮನ ಕೈಯಿಂದ ತಳ್ಳಿದಳು. ಯಾಕಾದರೂ ಮಾಡಿಸಿಕೊಂಡೆನೋ ಎಂದು ಕಿರುಚಿದಳು.

ಸಣ್ಣಮ್ಮ ನೆಲ ಒರೆಸುತ್ತ ಹೇಳಿದಳು, "ಬಸವರಾಜ ಹೇಳ್ಯಾನ. ಹಿಂಗ ಆಗ್ತೈತಂತ. ನೀ ಬೈದ್ರೂ ಸುಮ್ಕಿರು ಅಂದಾನ."

ಅವನು ವಾರಕ್ಕೊಮ್ಮೆ ಬರುತ್ತಿದ್ದ. ಒಳಗೆ ಬರುತ್ತಿರಲಿಲ್ಲ. ಕಟ್ಟೆಯ ಮೇಲೆ ಸಣ್ಣಮ್ಮನೊಡನೆ ಮಾತಾಡಿ, ಕಿಟಕಿಯ ಕಡೆ ತಿರುಗಿ ಕೇಳುತ್ತಿದ್ದ, "ಇವತ್ತು ಎಲ್ಲಿ ತನಕ ನಡದ್ರಿ?"

"ಗುಡಿ ತನಕ."

"ಸುಳ್ಳು. ನಿಮ್ಮ ಸಣ್ಣಮ್ಮ ನಲ್ಲಿ ತನಕ ಅಂದಾರ."

"ನಿಮಗೆಲ್ಲಾ ಗೊತ್ತಿದ್ರ ಯಾಕ ಕೇಳ್ತೀರಿ?"

"ನೀವು ಸುಳ್ಳು ಹೇಳೋದು ಕೇಳಾಕ ಚಂದ ಐತಿ."

ಕಿಟಕಿಯ ಈಚೆ ಅವಳು ನಗುತ್ತಿದ್ದಳು. ನಗು ನಿಂತ ಕೂಡಲೇ ಆ ಹಳೆಯ ಹುಳು ತಲೆಯೆತ್ತುತ್ತಿತ್ತು. ಕನಿಕರವಿರಬಹುದು. ತಾನು ಪಟ್ಟದ್ದನ್ನೇ ಪಡುತ್ತಿರುವವಳೆಂದು ಬರುತ್ತಿರಬಹುದು. ನಡೆಯಲು ಬಂದ ಮೇಲೆ ಇನ್ನೊಬ್ಬ ರೋಗಿಯ ಕಿಟಕಿಗೆ ಹೋಗಬಹುದು...

ಬೇಸಿಗೆ ಕಳೆಯಿತು. ಕಾಲುವೆಗೆ ನೀರು ಬಿಟ್ಟು ಸಿರುಗುಪ್ಪದ ಗದ್ದೆಗಳಲ್ಲಿ ನಾಟಿ ಮುಗಿಯಿತು. ಡಾಕ್ಟರ್ ಹೊಸ ಫಿಲ್ಮನ್ನು ಬೆಳಕಿಗಿಟ್ಟು, ಎರಡು ಎಲುಬುಗಳ ನಡುವೆ ಮೂಡಿದ ಬಿಳಿ ಮಸುಕನ್ನು ಬೆರಳಿನಿಂದ ತೋರಿಸಿದರು. "ಕೂಡಾಕ ಹತ್ತೈತಿ." ಅಪ್ಪ ಗೋಡೆಯ ಕಡೆ ತಿರುಗಿ ಕಣ್ಣೊರೆಸಿಕೊಂಡರು.

ಬೆಲ್ಟು ಬಿಚ್ಚಿದ ತಿಂಗಳು ಅಂಬಮ್ಮ ಮತ್ತೆ ಸಿರುಗುಪ್ಪಕ್ಕೆ ಬಂದಳು. ಈ ಸಲ ಮಗನೂ ಜೊತೆಯಲ್ಲಿದ್ದ. ಹಿರಿಯರು ಪಡಸಾಲೆಯಲ್ಲಿ ಮಾತಿಗೆ ಕೂತರು. ಇವರಿಬ್ಬರನ್ನು ಮಾಳಿಗೆಗೆ ಕಳಿಸಿದರು.

ಪಂಪಾವತಿ ಪಾಗಾರದ ಗೋಡೆಗೆ ಒರಗಿ ನಿಂತಳು. ಕೆಳಗೆ ಗಿರಣಿಯ ಸದ್ದು.

"ಒಂದು ಕೇಳ್ಲೇನು?"

"ನೀವು ಕೇಳಲಾರದ್ದು ಏನೈತಿ? ಕೇಳ್ರಿ."

"ಇದು ಕನಿಕರ ಅಲ್ಲ ಅಂತ ನನಗ ಹೆಂಗ ಗೊತ್ತಾಗಬೇಕು?"

ಅವನು ಗದ್ದೆಗಳ ಕಡೆ ನೋಡಿದ. "ಕನಿಕರ ಅಂದ್ರ ಆಸ್ಪತ್ರ್ಯಾಗ ಎಷ್ಟೊಂದು ಮಂದಿ ಅದಾರ. ಅವ್ರ ಮನಿಗೆಲ್ಲಾ ಅವ್ವನ್ನ ಕರ್ಕೊಂಡು ಹೋಗೀನೇನು?"

ಅವಳ ತುಟಿ ಅಲುಗಿತು.

"ನಿಮ್ಮನ್ನ ಮೊದಲ ಕಂಡ ಗುರುವಾರ ಡಾಕ್ಟ್ರು ಹೇಳಿದ್ರು ಅಂತ ಬಂದಿದ್ದೆ. ಆಮ್ಯಾಲಿನವೆಲ್ಲಾ ನೀವು ಬರ್ತೀರೇನೋ ಅಂತ ಬಂದೆ. ನೀವು ಒಂದು ಸಲನೂ ನನ್ನ ನಂಬಲಿಲ್ಲ. ಆದ್ರೂ ಮುಂದಿನ ಗುರುವಾರ ಯಾವಾಗ ಬಂದೀತು ಅಂತ ಕೂತಿರ್ತಿದ್ದೆ. ಇದಕ್ಕ ಏನಂತಾರೋ ನನಗ ಗೊತ್ತಿಲ್ಲ. ನನ್ನ ಮನಸ್ಸಿನ್ಯಾಗ ಇರೋದು ಇಷ್ಟ."

ಪಂಪಾವತಿ ಮುಖ ತಗ್ಗಿಸಿದಳು. ಸಡಿಲವಾಗಿದ್ದ ಮಲ್ಲಿಗೆ ದಂಡೆ ಜಡೆಯಿಂದ ಜಾರಿ ಇಬ್ಬರ ನಡುವೆ ನೆಲಕ್ಕೆ ಬಿತ್ತು.

ಅವನು ಹೂವನ್ನು ನೋಡಿದ. ಅವಳೂ ನೋಡಿದಳು.

"ನೀವು ಬಗ್ಗಂಗಿಲ್ಲ," ಎಂದಳು.

"ನೀವೂ ಬಗ್ಗಂಗಿಲ್ಲ."

"ಸಣ್ಣಮ್ಮನ್ನ ಕರೀಲೇನು?"

"ಬ್ಯಾಡ. ಕೈ ಕೊಡು." ಅವನು ಎರಡೂ ಕೈ ಮುಂದೆ ಚಾಚಿದ. ಮೊದಲ ಸಲ ಅವಳನ್ನು ಏಕವಚನದಲ್ಲಿ ಕರೆದಿದ್ದ. "ಬೆನ್ನು ನೆಟ್ಟಗಿರಲಿ. ಮೊಣಕಾಲು ಅಷ್ಟ ಮಡಚು. ಇಬ್ಬರೂ ಕೂಡೇ ಇಳಿಯಾಣ."

ಒಬ್ಬರ ಕೈ ಒಬ್ಬರು ಬಿಗಿಯಾಗಿ ಹಿಡಿದು, ಬೆನ್ನು ಬಾಗಿಸದೆ, ಮೆಲ್ಲಗೆ ಕೆಳಗಿಳಿದರು. ಅವಳ ತೊಡೆಗಳು ನಡುಗಿದವು. ಅವನ ಹಣೆಯಲ್ಲಿ ಬೆವರು. ಹೂವು ಕೈಗೆಟುಕಿತು. ಆದರೆ ಯಾರೂ ಅದನ್ನು ಎತ್ತಿಕೊಳ್ಳಲಿಲ್ಲ.

"ಏಳುವಾಗ ಬಿಟ್ಟೀಯ ಮತ್ತ?" ಎಂದಳು.

"ಬಿಡಂಗಿಲ್ಲ."

"ಖರೇ?"

"ಖರೇ."

ಅವಳು ಮತ್ತೆ ಕೇಳಲಿಲ್ಲ.